1969ರ ಕಮಾರೋಗೆ ಸಿ50 ಕೂರಿಸುವುದು: ಹಿಂದಿನ ಗಾಜಿನ ಬ್ಲೋವರ್ ಡಿಫಾಗರ್‌ಗೆ ಸಮಗ್ರ ಮಾರ್ಗದರ್ಶಿ

ಮಸಲ್ ಕಾರು ಕಂಡರೆ ಜನ ಮೊದಲು ಬಾನೆಟ್ ಎತ್ತಿಸುತ್ತಾರೆ. ಡಿಕ್ಕಿಯೊಳಗೆ ತಲೆ ಹಾಕಿ, ಹಿಂದಿನ ಗಾಜಿನ ಕೆಳಗೆ ಏನಿದೆ ಅಂತ ನೋಡುವವರು ಬಹಳ ಕಡಿಮೆ. ಶೆವರ್ಲೆ ಕಂಪನಿ ತನ್ನ ಕಮಾರೋ ಕಾರಿಗೆ ಬೇಕೆಂದವರಿಗೆ ಮಾತ್ರ ಹಾಕಿಕೊಡುತ್ತಿದ್ದ ಡಿಫಾಗರ್, ಅಂದರೆ ಗಾಜಿನ ಮಂಜು ತೆಗೆಯುವ ಫ್ಯಾನ್, ಇರುವುದು ಅಲ್ಲೇ. ಸಿ50 ಅನ್ನುವುದು ಆಪ್ಷನ್ ಪಟ್ಟಿಯಲ್ಲಿ ಅದರ ಸಂಕೇತ. ಹಿಂದಿನ ಸೀಟಿನ ಹಿಂಭಾಗದ ಪ್ಯಾಕೇಜ್ ಟ್ರೇ ಕೆಳಗೆ ಒಂದು ಚಿಕ್ಕ ಬ್ಲೋವರ್, ಟ್ರೇ ಮೇಲೆ ಒಂದು ಗ್ರಿಲ್, ಮುಂದೆ ಡ್ರೈವರ್ ಕೈಗೆ ಸಿಗುವ ಒಂದು ಸ್ವಿಚ್, ನಡುವೆ ಒಂದು ವೈರಿಂಗ್ ಹಾರ್ನೆಸ್, ಅಂದರೆ ವೈರ್‌ಗಳ ಕಟ್ಟು. ಇಷ್ಟೇ ಸಾಮಾನು.

1969ರ ಮಾಡೆಲ್‌ನಲ್ಲಿ ಒಟ್ಟು 2,43,085 ಕಮಾರೋಗಳು ತಯಾರಾದವು. ಓಹಾಯೋದ ನಾರ್ವುಡ್‌ನಲ್ಲಿ ಒಂದಷ್ಟು, ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲಿ ಉಳಿದವು. ಕಾರು ಬುಕ್ ಮಾಡುವ ಹುಡುಗರು ದುಡ್ಡನ್ನು ಎಂಜಿನ್, ಗೇರ್‌ಬಾಕ್ಸ್, ಪಟ್ಟೆ ಪೇಂಟಿಗೆ ಸುರಿದರು. ಹಿಂದಿನ ಗಾಜಿನ ಮಂಜು ಒರೆಸುವ ಫ್ಯಾನಿಗೆ ಯಾರು ದುಡ್ಡು ಕೊಡುತ್ತಾರೆ? ಹಾಗಾಗಿ ಇವತ್ತು ಇದು ಕಾಣಸಿಗುವುದೇ ಅಪರೂಪ. ಮುಂದೆ 1970ರ ದಶಕದಲ್ಲಿ ಗಾಜಿನ ಮೇಲೇ ತಂತಿ ಗೆರೆ ಎಳೆದು ಬಿಸಿ ಮಾಡುವ ಡಿಫಾಗರ್ ಬಂತು. ಶೆವರ್ಲೆಯ ಮಾತೃಸಂಸ್ಥೆ ಜನರಲ್ ಮೋಟಾರ್ಸ್ ಪಟ್ಟಿಯಲ್ಲಿ ಅದು ಸಿ49. ಬ್ಲೋವರ್‌ನ ಕಾಲ ನಿಧಾನವಾಗಿ ಮುಗಿಯಿತು.

ಈ ಮಾರ್ಗದರ್ಶಿ ಗಟ್ಟಿ ಛಾವಣಿಯ ಕೂಪೆಗೆ ಮಾತ್ರ. ಕನ್ವರ್ಟಿಬಲ್‌ನಲ್ಲಿ ಹಿಂಭಾಗದ ಕಟ್ಟೋಣವೇ ಬೇರೆ.

ಇದು ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಸಿ50ಯಲ್ಲಿ ಹೀಟರ್ ಕಾಯಿಲ್ ಇಲ್ಲ. ಅದು ಹೊರಗಿನ ಗಾಳಿಯನ್ನೂ ಎಳೆಯುವುದಿಲ್ಲ. ಕಾರಿನೊಳಗೆ ಇರುವ ಗಾಳಿಯನ್ನೇ ಎತ್ತಿ ಹಿಂದಿನ ಗಾಜಿನ ಮೇಲೆ ಊದುತ್ತದೆ. ಮುಂದಿನ ಹೀಟರ್ ಒಳಗಿನ ಗಾಳಿಯನ್ನು ಬಿಸಿ ಮಾಡಿ ಒಣಗಿಸಿದ್ದರೆ ಗಾಜು ಬೇಗ ತಿಳಿಯಾಗುತ್ತದೆ. ಕಾರಿನೊಳಗೆ ಬರೀ ತೇವ ತುಂಬಿದ್ದರೆ ತೇವವನ್ನೇ ಗಾಜಿಗೆ ಊದುತ್ತದೆ. ಮಿಷಿಗನ್‌ನ ಜನವರಿಯಲ್ಲಿ ಗಾಜಿನ ಮೇಲೆ ಗಟ್ಟಿಯಾದ ಹಿಮ ಕರಗಿಸುತ್ತದೆ ಅಂತ ಕಾಯಬೇಡಿ. ಮಳೆಗಾಲದಲ್ಲಿ ಆಗುಂಬೆ ಘಾಟಿ ಹತ್ತುವಾಗ ನಾಲ್ಕು ಜನರ ಉಸಿರಿಗೆ ಗಾಜು ಬೆಳ್ಳಗಾಗುತ್ತದಲ್ಲ, ಆ ಥರದ ಮಂಜಿಗೆ ಇದು ಮದ್ದು.

ಹಾಗಾಗಿ ನನ್ನ ಪ್ರಕಾರ ಈ ಕೆಲಸದ ಮುಕ್ಕಾಲು ಪಾಲು ಬ್ಲೋವರ್‌ನದ್ದಲ್ಲ. ಕಾರಿನೊಳಗೆ ನೀರು ಎಲ್ಲಿಂದ ಬರುತ್ತಿದೆ ಅನ್ನುವುದನ್ನು ಹುಡುಕಿ ನಿಲ್ಲಿಸುವುದು. ಅದನ್ನು ಬಿಟ್ಟು ಬ್ಲೋವರ್ ಕೂರಿಸಿದರೆ ಎರಡು ಮಳೆಗೆ ಮೋಟಾರ್ ತುಕ್ಕು ಹಿಡಿದು ಕೂರುತ್ತದೆ.

ಕಾರಿಗೆ ಮೊದಲೇ ಇತ್ತೇ?

ಮೊದಲು ಇದನ್ನು ನೋಡಿ. ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಲೋಹದ ಗೋಡೆ) ಮೇಲಿನ ಟ್ರಿಮ್ ಟ್ಯಾಗ್‌ನಲ್ಲಿ, ಅಂದರೆ ಬಾಡಿ ತಯಾರಿಸಿದ ಫಿಷರ್ ಬಾಡಿ ವಿಭಾಗ ಹಾಕಿದ ತಗಡಿನ ಪಟ್ಟಿಯಲ್ಲಿ, ಇದಕ್ಕೆ ಉತ್ತರ ಸಿಗುವುದಿಲ್ಲ. ನಾರ್ವುಡ್ ಕಾರುಗಳಲ್ಲಿ ಕಾಣುವ ಎಕ್ಸ್11, ಎಕ್ಸ್33ರಂಥ ಸಂಕೇತಗಳು ಟ್ರಿಮ್ ಮತ್ತು ಪ್ಯಾಕೇಜಿನ ಬಗ್ಗೆ ಹೇಳುತ್ತವೆ, ಡಿಫಾಗರ್ ಬಗ್ಗೆ ಅಲ್ಲ. ಬಿಲ್ಡ್ ಶೀಟ್ (ಆ ಕಾರಿಗೆ ಏನೇನು ಹಾಕಬೇಕು ಅಂತ ಕಾರ್ಖಾನೆಯಲ್ಲಿ ಬಳಸಿದ ಹಾಳೆ) ಸಿಕ್ಕರೆ ಅದೃಷ್ಟ. ಸೀಟಿನ ಸ್ಪ್ರಿಂಗ್‌ಗಳ ನಡುವೆ ಸಿಕ್ಕಿಕೊಂಡಿರುವುದುಂಟು. ಅದಕ್ಕೇ ಹಳೆ ಸೀಟಿನ ಬಟ್ಟೆ ಬಿಚ್ಚುವಾಗ ನಿಧಾನ. ಮೂಲ ವಿಂಡೋ ಸ್ಟಿಕರ್ ಇದ್ದರೆ ಇನ್ನೂ ಒಳ್ಳೆಯದು. ಕಾರು ಹೊಸದಾಗಿದ್ದಾಗ ಕೆನಡಾದಲ್ಲಿ ಮಾರಾಟವಾಗಿದ್ದರೆ ಜನರಲ್ ಮೋಟಾರ್ಸ್ ಕೆನಡಾದ ಹಳೆ ವಾಹನಗಳ ದಾಖಲೆ ವಿಭಾಗದಿಂದ ಆಪ್ಷನ್ ಪಟ್ಟಿ ತರಿಸಬಹುದು. ಅಮೆರಿಕದಲ್ಲಿ ಮಾರಾಟವಾದ ಶೆವರ್ಲೆಗೆ ಆ ಸೌಲಭ್ಯ ಇಲ್ಲ.

ಕಾಗದ ಇಲ್ಲದಿದ್ದರೆ ಲೋಹವನ್ನೇ ಕೇಳಬೇಕು. ಡಿಕ್ಕಿಯಲ್ಲಿ ಮಲಗಿ, ಟಾರ್ಚ್ ಹಿಡಿದು, ಪ್ಯಾಕೇಜ್ ಶೆಲ್ಫ್‌ನ (ಟ್ರೇ ಕೆಳಗಿನ ಲೋಹದ ಹಲಗೆ) ಅಡಿ ನೋಡಿ. ಬ್ರಾಕೆಟ್ ಕೂತಿದ್ದ ಗುರುತು, ಸ್ಕ್ರೂ ತೂತು, ಹಳೆ ಪೇಂಟ್ ಒಳಗೆ ಉಳಿದ ಹೌಸಿಂಗ್‌ನ ನೆರಳು ಕಾಣಬಹುದು. ಬಾಗಿಲ ಹೊಸ್ತಿಲ ಪಟ್ಟಿಯ ಕೆಳಗೆ ಟೇಲ್ ಲೈಟ್ ವೈರಿಂಗ್ ಜೊತೆ ಎಲ್ಲಿಗೂ ಸೇರದ ಒಂದು ತುಂಡು ವೈರ್ ಇದೆಯೇ ನೋಡಿ. ಫ್ಯಾನ್ ಕೆಟ್ಟಾಗ ಹಳೆ ಮಾಲೀಕರು ಬ್ಲೋವರ್ ಕಿತ್ತು ಎಸೆದು ವೈರನ್ನು ಹಾಗೇ ಬಿಡುತ್ತಿದ್ದರು.

ಸಾಮಾನು ಜೋಡಿಸುವುದು

ಕೈಗೆ ಬೇಕಾದ ಮೊದಲ ವಸ್ತು ಬ್ಲೋವರ್ ಅಲ್ಲ, ಫ್ಯಾಕ್ಟರಿ ಅಸೆಂಬ್ಲಿ ಮ್ಯಾನ್ಯುಯಲ್. ಕಾರ್ಖಾನೆಯ ಲೈನ್‌ನಲ್ಲಿ ಕೆಲಸ ಮಾಡುವವರಿಗೆ ಮಾಡಿದ ಚಿತ್ರಗಳ ಪುಸ್ತಕ ಅದು. ಮರುಮುದ್ರಣ ಸುಲಭವಾಗಿ ಸಿಗುತ್ತದೆ. ಕೊನೆಯ ಭಾಗದಲ್ಲಿ ಆಪ್ಷನ್‌ಗಳು ಅವುಗಳ ಸಂಕೇತದ ಕ್ರಮದಲ್ಲಿವೆ. ಎಸಿಯ ಸಿ60 ಹಾಳೆಗಳಿಗಿಂತ ಸ್ವಲ್ಪ ಮುಂಚೆ ಸಿ50 ಸಿಗುತ್ತದೆ. ಸ್ವಿಚ್ ಎಲ್ಲಿ, ತೂತಿನ ಅಳತೆ ಎಷ್ಟು, ವೈರ್ ಯಾವ ದಾರಿಯಲ್ಲಿ ಹೋಗಬೇಕು, ಯಾವ ಸ್ಕ್ರೂ ಅನ್ನುವುದೆಲ್ಲ ಅಲ್ಲಿದೆ. ನಿಮ್ಮ ವರ್ಷದ್ದೇ ಪುಸ್ತಕ ತೆಗೆದುಕೊಳ್ಳಿ. 1967ರ ಡ್ಯಾಶ್‌ಬೋರ್ಡ್ ಬೇರೆ, 1969ರದ್ದು ಬೇರೆ. ಆ ಹಾಳೆಗಳನ್ನು ಝೆರಾಕ್ಸ್ ಮಾಡಿಸಿ ಗ್ಯಾರೇಜ್ ಗೋಡೆಗೆ ಅಂಟಿಸಿ, ಮೂಲ ಪುಸ್ತಕಕ್ಕೆ ಗ್ರೀಸ್ ಕೈ ಬೇಡ.

ಬ್ಲೋವರ್ ಹುಡುಕುವಾಗ ಒಂದು ಎಚ್ಚರ. ಅದೇ ಕಾಲದ ಶೆವೆಲ್, ನೋವಾ, ಇಂಪಾಲಾಗಳಲ್ಲೂ ಇಂಥ ಬ್ಲೋವರ್ ಇತ್ತು. ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಬ್ರಾಕೆಟ್ ಮತ್ತು ಗಾಳಿ ಹೊರಬರುವ ಬಾಯಿಯ ಕೋನ ಬೇರೆ ಇದ್ದರೆ ನಿಮ್ಮ ಶೆಲ್ಫ್‌ಗೆ ಕೂರುವುದಿಲ್ಲ. ‘ಕಮಾರೋದ್ದೇ’ ಅನ್ನುವ ಮಾತನ್ನು ನಂಬಿ ದುಡ್ಡು ಕಳಿಸಬೇಡಿ. ಭಾಗದ ನಂಬರ್ ಕೇಳಿ, ಶೆವರ್ಲೆ ಪಾರ್ಟ್ಸ್ ಕ್ಯಾಟಲಾಗ್ ಜೊತೆ ತಾಳೆ ನೋಡಿ. ಬ್ರಾಕೆಟ್, ಗ್ರಿಲ್, ಸ್ವಿಚ್ ಎಲ್ಲ ಸೇರಿದ ಪೂರ್ತಿ ಸೆಟ್ ಸ್ವಲ್ಪ ಜಾಸ್ತಿ ಬೆಲೆಗೆ ಸಿಕ್ಕರೂ ಅದನ್ನೇ ತೆಗೆದುಕೊಳ್ಳಿ. ಬರೀ ಬ್ರಾಕೆಟ್ ಹುಡುಕುತ್ತಾ ವರ್ಷಗಟ್ಟಲೆ ಕೂರುವುದು ಬೇಡ, ಅಲ್ವಾ? ಹಾರ್ನೆಸ್ ಮಾತ್ರ ಹೊಸದೇ ಇರಲಿ. ಐವತ್ತು ವರ್ಷ ಹಳೆಯ ವೈರಿನ ಹೊದಿಕೆ ಬಗ್ಗಿಸಿದರೆ ಬಿರಿಯುತ್ತದೆ.

ಮೊದಲು ನೀರು ನಿಲ್ಲಿಸಿ

ಮೊದಲ ತಲೆಮಾರಿನ ಕಮಾರೋದ ದೊಡ್ಡ ರೋಗ ಹಿಂದಿನ ಗಾಜಿನ ಚಾನೆಲ್, ಅಂದರೆ ಗಾಜು ಕೂರುವ ಲೋಹದ ತೋಡು. ಗಾಜಿನ ಸುತ್ತ ಹೊಳೆಯುವ ಟ್ರಿಮ್ ಇದೆ. ಅದನ್ನು ಕ್ಲಿಪ್‌ಗಳು ಹಿಡಿದಿವೆ. ಕ್ಲಿಪ್‌ಗಳು ಲೋಹಕ್ಕೆ ವೆಲ್ಡ್ ಆದ ಚಿಕ್ಕ ಸ್ಟಡ್‌ಗಳ ಮೇಲೆ ಕೂತಿವೆ. ಟ್ರಿಮ್ ಕೆಳಗೆ ನೀರು, ಧೂಳು, ಒಣಗಿದ ಎಲೆ ಸೇರಿಕೊಂಡು ಹೊರಗೆ ಹೋಗಲಾರದೆ ಅಲ್ಲೇ ನಿಲ್ಲುತ್ತವೆ. ಮೊದಲು ಸ್ಟಡ್ ಬುಡದಲ್ಲಿ ತುಕ್ಕು. ಆಮೇಲೆ ಕೆಳಗಿನ ಎರಡು ಮೂಲೆಗಳಲ್ಲಿ ಲೋಹ ಜರಡಿಯಾಗುತ್ತದೆ. ಹನಿ ಬೀಳುವುದು ನೇರವಾಗಿ ಪ್ಯಾಕೇಜ್ ಶೆಲ್ಫ್ ಮೇಲೆ, ಅಂದರೆ ನೀವು ಮೋಟಾರ್ ಕೂರಿಸುವ ಜಾಗಕ್ಕೇ.

ಪರೀಕ್ಷೆಗೆ ದೊಡ್ಡ ಸಲಕರಣೆ ಬೇಡ. ಹಿಂದಿನ ಸೀಟು ಮತ್ತು ಟ್ರೇ ತೆಗೆಯಿರಿ (ಹೇಗೆ ಅಂತ ಮುಂದೆ ಹೇಳುತ್ತೇನೆ). ಒಬ್ಬರು ಕಾರಿನೊಳಗೆ ಟಾರ್ಚ್ ಹಿಡಿದು ಕೂರಲಿ. ಇನ್ನೊಬ್ಬರು ಪೈಪಿನ ನಳಿಕೆ ತೆಗೆದು, ನೀರನ್ನು ಮೆಲ್ಲಗೆ ಹರಿಯಬಿಡಲಿ. ಗಾಜಿನ ಕೆಳ ಅಂಚಿನಿಂದ ಶುರು ಮಾಡಿ. ಅಲ್ಲಿ ಕೆಲವು ನಿಮಿಷ ಬಿಟ್ಟು, ಆಮೇಲೆ ಬದಿಗಳು, ಕೊನೆಗೆ ಮೇಲಿನ ಅಂಚು. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆಯೂ ಒಟ್ಟಿಗೆ ನೆನೆದು, ತೂತು ಎಲ್ಲಿ ಅಂತ ಗೊತ್ತೇ ಆಗುವುದಿಲ್ಲ. ಯಾರನ್ನೂ ಡಿಕ್ಕಿಯಲ್ಲಿ ಕೂರಿಸಿ ಮುಚ್ಚಬೇಡಿ. ಆ ಕಾಲದ ಡಿಕ್ಕಿಗೆ ಒಳಗಿನಿಂದ ತೆಗೆಯುವ ಹಿಡಿ ಇರಲಿಲ್ಲ.

ಸೋರಿದರೆ ಮೇಲಿಂದ ಸಿಲಿಕೋನ್ ಬಳಿದು ಸುಮ್ಮನಾಗಬೇಡಿ. ಸಿಲಿಕೋನ್ ಮೇಲೆ ಮುಂದೆ ಯಾವ ಪೇಂಟೂ ಸರಿಯಾಗಿ ನಿಲ್ಲುವುದಿಲ್ಲ, ತುಕ್ಕು ಒಳಗೇ ಬೆಳೆಯುತ್ತದೆ. ಗಾಜು ತೆಗೆಸಿ, ಕೊಳೆತ ಲೋಹ ಕತ್ತರಿಸಿ, ಹೊಸ ತುಂಡು ವೆಲ್ಡ್ ಮಾಡಿಸಿ. ಬೆಸುಗೆ ಮೇಲೆ ಎಪಾಕ್ಸಿ ಪ್ರೈಮರ್, ಕೀಲುಗಳಿಗೆ ಸೀಮ್ ಸೀಲರ್, ಆಮೇಲೆ ಪೇಂಟ್, ಅದಾದ ಮೇಲೆ ಗಾಜು. ಗಾಜು ತೆಗೆಯುವ, ಕೂರಿಸುವ ಕೆಲಸ ಅಭ್ಯಾಸ ಇದ್ದವರಿಗೆ ಬಿಡುವುದೇ ವಾಸಿ.

ಮುಂದಿನ ಭಾಗವನ್ನೂ ಮರೆಯಬೇಡಿ. ಹೀಟರ್ ಕೋರ್ (ಹೀಟರ್ ಒಳಗೆ ಬಿಸಿ ಕೂಲಂಟ್ ಹರಿಯುವ ಭಾಗ) ಸೋರುತ್ತಿದ್ದರೆ ಕಾರಿನೊಳಗೆ ಕೂಲಂಟ್‌ನ ಸಿಹಿ ವಾಸನೆ ಬರುತ್ತದೆ. ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡಿನ ಪದರ ಕೂರುತ್ತದೆ. ಆ ಮಂಜಿಗೆ ಯಾವ ಬ್ಲೋವರ್ ಹಾಕಿದರೂ ಪ್ರಯೋಜನ ಇಲ್ಲ. ಕಾರ್ಪೆಟ್ ಕೆಳಗಿನ ಹಾಸು ಕೈಯಿಂದ ಒತ್ತಿ ನೋಡಿ, ಒದ್ದೆ ಇದ್ದರೆ ಕೌಲ್ (ಮುಂದಿನ ಗಾಜಿನ ಬುಡದ ಲೋಹದ ಭಾಗ) ಅಥವಾ ಬಾಗಿಲ ರಬ್ಬರ್ ಕಡೆಗೆ ಗಮನ ಕೊಡಿ.

ಇನ್ನೊಂದು ವಿಷಯ, ಇದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬ್ಲೋವರ್ ಇರುವುದು ಡಿಕ್ಕಿಯ ಬದಿಯಲ್ಲಿ. ಡಿಕ್ಕಿ ರಬ್ಬರ್ ಹರಿದಿದ್ದರೆ, ಟೇಲ್ ಲೈಟ್ ಗ್ಯಾಸ್ಕೆಟ್ ಇಲ್ಲದಿದ್ದರೆ, ತಳದ ರಬ್ಬರ್ ಮುಚ್ಚಳ ಬಿದ್ದುಹೋಗಿದ್ದರೆ ಸೈಲೆನ್ಸರ್ ಹೊಗೆ ಒಳಗೆ ಬರುತ್ತದೆ. ಫ್ಯಾನ್ ಅದನ್ನು ಎಳೆದು ಪ್ರಯಾಣಿಕರ ಕಡೆಗೆ ದೂಡಬಹುದು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇವನ್ನೆಲ್ಲ ಹೊಸದು ಹಾಕಿ, ಎಕ್ಸಾಸ್ಟ್ ಕೀಲುಗಳು ಬಿಗಿಯಾಗಿವೆಯೇ ನೋಡಿದ ಮೇಲೆಯೇ ಮುಂದಿನ ಹೆಜ್ಜೆ.

ಮೋಟಾರ್ ಮೇಜಿನ ಮೇಲೆ

ಬ್ಲೋವರ್ ಬಿಚ್ಚುವ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಹೌಸಿಂಗ್ ಮತ್ತು ಮೋಟಾರ್ ಯಾವ ಕೋನದಲ್ಲಿ ಸೇರಿವೆ ಅಂತ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಅಳಿಲಿನ ಪಂಜರದಂಥ ಫ್ಯಾನ್ ಚಕ್ರವನ್ನು ಶಾಫ್ಟ್‌ನಿಂದ ಬಲವಂತವಾಗಿ ಕೀಳಬೇಡಿ. ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ.

ಮೋಟಾರ್ ಒಳಗೆ ನೋಡಬೇಕಾದದ್ದು ಮೂರು ಜಾಗ. ಬ್ರಷ್‌ಗಳು (ತಿರುಗುವ ಭಾಗಕ್ಕೆ ವಿದ್ಯುತ್ ದಾಟಿಸುವ ಇಂಗಾಲದ ತುಂಡುಗಳು) ಸವೆದು ಗಿಡ್ಡಾಗಿವೆಯೇ, ಸ್ಪ್ರಿಂಗ್ ಇನ್ನೂ ಒತ್ತುತ್ತಿದೆಯೇ? ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳ ಉರುಳೆ, ಅಂದರೆ ಕಮ್ಯುಟೇಟರ್, ಕಪ್ಪಾಗಿದ್ದರೆ ತೀರಾ ನಯವಾದ ಕಾಗದದಿಂದ ಮೆಲ್ಲಗೆ ತಿಕ್ಕಿ, ಪಟ್ಟಿಗಳ ನಡುವಿನ ಸಂದಿಯಲ್ಲಿ ಸೇರಿದ ಇಂಗಾಲದ ಪುಡಿ ತೆಗೆಯಿರಿ. ಶಾಫ್ಟ್ ತಿರುಗುವ ಬಳೆಗಳಾದ ಬುಷಿಂಗ್‌ಗಳು ಎಣ್ಣೆ ಹೀರಿಕೊಂಡ ಕಂಚಿನವು. ಅವಕ್ಕೆ ಬೇಕಾದ್ದು ಗ್ರೀಸ್ ಅಲ್ಲ, ಎಸ್‌ಎಇ 20ರ ತೆಳು ಮೋಟಾರ್ ಎಣ್ಣೆಯ ಕೆಲವೇ ಹನಿ. ಹನಿ ಜಾಸ್ತಿಯಾದರೆ ಅದು ಕಮ್ಯುಟೇಟರ್‌ಗೆ ಹೋಗಿ ಬ್ರಷ್ ಹಾಳು ಮಾಡುತ್ತದೆ. ಹೌಸಿಂಗ್ ಸ್ಯಾಂಡ್‌ಬ್ಲಾಸ್ಟ್ ಮಾಡಿಸುವುದಾದರೆ ಮೋಟಾರ್ ಪೂರ್ತಿ ಹೊರಗಿರಲಿ. ಒಂದು ಕಣ ಮರಳು ಬುಷಿಂಗ್ ಸೇರಿದರೂ ಕಥೆ ಮುಗಿಯಿತು.

ಜೋಡಿಸಿದ ಮೇಲೆ 12 ವೋಲ್ಟ್ ಬ್ಯಾಟರಿಗೆ, ನಡುವೆ ಫ್ಯೂಸ್ ಮತ್ತು ಆಮ್ಮೀಟರ್ ಹಾಕಿ ಓಡಿಸಿ. ಶುರುವಿನಲ್ಲಿ ಮುಳ್ಳು ಮೇಲೆ ಜಿಗಿದು ಕೆಳಗೆ ಇಳಿಯಬೇಕು. ಅರ್ಧ ಗಂಟೆ ಓಡಿಸಿ, ಮೋಟಾರ್ ಕೈಯಿಂದ ಮುಟ್ಟಲಾರದಷ್ಟು ಬಿಸಿಯಾದರೆ, ಅಥವಾ ಆಂಪಿಯರ್ ಏರುತ್ತಲೇ ಹೋದರೆ ಬುಷಿಂಗ್ ಬಿಗಿಯಾಗಿದೆ ಅಂತ ಅರ್ಥ. ಸಿಕ್ಕ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ವೈರಿಂಗ್ ಪರೀಕ್ಷೆಗೆ ಬೇಕು.

ತಿರುಗುವ ದಿಕ್ಕನ್ನು ಇಲ್ಲೇ ನೋಡಿ. ಈ ಬಗೆಯ ಫ್ಯಾನ್ ಉಲ್ಟಾ ತಿರುಗಿದರೂ ಗಾಳಿ ಮುಂದಕ್ಕೇ ಬರುತ್ತದೆ, ಆದರೆ ಬಹಳ ಕಡಿಮೆ. ಅದಕ್ಕೇ ತಪ್ಪು ಗೊತ್ತೇ ಆಗುವುದಿಲ್ಲ, ‘ಹಳೆ ಕಾಲದ್ದು, ಇಷ್ಟೇ’ ಅಂತ ಜನ ಬಿಟ್ಟುಬಿಡುತ್ತಾರೆ. ಶಾಶ್ವತ ಅಯಸ್ಕಾಂತದ ಮೋಟಾರ್ ಆದರೆ ಎರಡು ವೈರ್ ಅದಲುಬದಲು ಮಾಡಿದರೆ ದಿಕ್ಕು ಬದಲಾಗುತ್ತದೆ. ಒಳಗೆ ಫೀಲ್ಡ್ ಸುರುಳಿ ಇರುವ ಮೋಟಾರ್‌ನಲ್ಲಿ ಹೊರಗಿನ ವೈರ್ ಬದಲಿಸಿದರೆ ಏನೂ ಆಗುವುದಿಲ್ಲ.

ಸೀಟು, ಟ್ರೇ ಬಿಚ್ಚುವುದು

ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಹಿಂದಿನ ಸೀಟಿನ ಕೂರುವ ಭಾಗದ ಮುಂದಿನ ಕೆಳ ಅಂಚನ್ನು ಮೊಣಕಾಲಿನಿಂದ ಹಿಂದಕ್ಕೆ ಒತ್ತಿ, ಮೇಲಕ್ಕೆ ಎತ್ತಿ. ಒಂದು ಬದಿ ಆದ ಮೇಲೆ ಇನ್ನೊಂದು ಬದಿ. ಒರಗುವ ಭಾಗಕ್ಕೆ ಕೆಳಗೆ ಎರಡು ಬೋಲ್ಟ್. ಅವು ಬಿಚ್ಚಿದ ಮೇಲೆ ಮೇಲಕ್ಕೆ ಎತ್ತಿದರೆ ಕೊಕ್ಕೆಯಿಂದ ಹೊರಬರುತ್ತದೆ. ಎ67 ಮಡಚುವ ಸೀಟು ಇರುವ ಕಾರಾದರೆ ಇದು ಅನ್ವಯಿಸುವುದಿಲ್ಲ, ಮ್ಯಾನ್ಯುಯಲ್ ನೋಡಿ.

ಪ್ಯಾಕೇಜ್ ಟ್ರೇ ಅಂದರೆ ಒತ್ತಿದ ರಟ್ಟು. ಹಳೆಯದು ಬಿಸಿಲಿಗೆ ಹಪ್ಪಳವಾಗಿರುತ್ತದೆ. ಮುಂದಕ್ಕೆ ಎಳೆದರೆ ಬರುತ್ತದೆ, ಮುರಿದರೆ ಬೇಸರ ಬೇಡ. ಆದರೆ ಎಸೆಯಬೇಡಿ, ಹೊಸದಕ್ಕೆ ಅದೇ ಅಚ್ಚು.

ಕೂರಿಸುವುದು

ಟ್ರೇಯ ಕೆಳಗಿನ ಲೋಹದ ಶೆಲ್ಫ್‌ನಲ್ಲಿ ಕಾರ್ಖಾನೆಯೇ ಒತ್ತಿದ ದೊಡ್ಡ ತೂತುಗಳಿವೆ. ಹಾಗಾಗಿ ದೊಡ್ಡ ಕತ್ತರಿ ಕೆಲಸ ಬೀಳುವುದು ಲೋಹಕ್ಕಲ್ಲ, ರಟ್ಟಿಗೆ. ಮೊದಲು ಬ್ಲೋವರ್ ಮತ್ತು ಬ್ರಾಕೆಟ್ ಜೋಡಿಸಿ, ಕೆಳಗಿನಿಂದ ಕೈಯಲ್ಲಿ ಹಿಡಿದು, ಮ್ಯಾನ್ಯುಯಲ್ ಚಿತ್ರದ ಜೊತೆ ತಾಳೆ ನೋಡಿ. ಹಿಂದಿನ ಸ್ಪೀಕರ್ ಇದ್ದರೆ ಅದರ ಅಯಸ್ಕಾಂತಕ್ಕೂ ಹೌಸಿಂಗ್‌ಗೂ ನಡುವೆ ಜಾಗ ಇದೆಯೇ, ಡಿಕ್ಕಿ ಬಾಗಿಲನ್ನು ಸ್ಪ್ರಿಂಗ್‌ನಂತೆ ಎತ್ತಿ ಹಿಡಿಯುವ ಟಾರ್ಷನ್ ಸರಳು ತಿರುಗುವಾಗ ತಾಗುತ್ತದೆಯೇ ನೋಡಿ. ಬಾಗಿಲನ್ನು ಪೂರ್ತಿ ಮೇಲೆ, ಪೂರ್ತಿ ಕೆಳಗೆ ಮಾಡಿಯೇ ನೋಡಬೇಕು.

ಸ್ಕ್ರೂ ತೂತು ಕೊರೆಯುವುದಾದರೆ ಮೇಲೆ ಗಾಜಿದೆ ಅನ್ನುವುದು ನೆನಪಿರಲಿ. ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿ ಎಷ್ಟು ಒಳಗೆ ಹೋಗಬೇಕೋ ಅಷ್ಟಕ್ಕೇ ಮಿತಿ ಮಾಡಿ. ಶೆಲ್ಫ್ ಮೇಲೆ ಒಂದು ಮರದ ತುಂಡು ಇಟ್ಟರೆ ಇನ್ನೂ ಒಳ್ಳೆಯದು. ಈ ಕಾರಿನ ಪೆಟ್ರೋಲ್ ಟ್ಯಾಂಕ್ ಡಿಕ್ಕಿ ತಳದ ಕೆಳಗೆ, ತುಂಬಿಸುವ ಬಾಯಿ ಹಿಂದಿನ ನಂಬರ್ ಪ್ಲೇಟ್ ಹಿಂದೆ. ಪೆಟ್ರೋಲ್ ವಾಸನೆ ಇದ್ದರೆ ಡ್ರಿಲ್ ಕೈಗೆತ್ತಿಕೊಳ್ಳಬೇಡಿ. ತಳದಲ್ಲಿ ಬಟ್ಟೆ ಹಾಸಿ, ಕಬ್ಬಿಣದ ಚೂರು ಉಳಿದರೆ ಒಂದೇ ಮಳೆಗೆ ಕೆಂಪು ಚುಕ್ಕೆ ಬೀಳುತ್ತದೆ. ಕೊರೆದ ತೂತಿನ ಅಂಚಿಗೆ ಪ್ರೈಮರ್ ಹಚ್ಚಿ.

ಹೊಸ ಟ್ರೇ ಕತ್ತರಿಸುವ ಮುಂಚೆ ರಟ್ಟಿನ ಹಳೆ ಡಬ್ಬದಲ್ಲಿ ಒಂದು ನಕಲು ಮಾಡಿ. ಗ್ರಿಲ್ ಗಾಜಿನ ನಡುಭಾಗಕ್ಕೆ ಊದುವಂತೆ ಕೂರುತ್ತದೆಯೇ, ಬ್ಲೋವರ್ ಬಾಯಿ ಅದರ ಕೆಳಗೆ ನೇರವಾಗಿ ಬರುತ್ತದೆಯೇ ಅಂತ ಖಾತ್ರಿಯಾದ ಮೇಲೆ ಚೂಪಾದ ಬ್ಲೇಡ್‌ನಿಂದ, ಹಲವು ಸಲ ಮೆಲ್ಲಗೆ ಎಳೆದು ಕತ್ತರಿಸಿ. ಬಾಯಿಗೂ ಗ್ರಿಲ್‌ಗೂ ನಡುವೆ ಸಂದಿ ಉಳಿದರೆ ಗಾಳಿ ಟ್ರೇ ಕೆಳಗೇ ಸೋರುತ್ತದೆ. ಸುತ್ತ ಫೋಮ್ ಪಟ್ಟಿ ಹಾಕಿ ಮುಚ್ಚಿ. ಇದು ಚಿಕ್ಕ ಕೆಲಸ ಅನ್ನಿಸಿದರೂ, ಗಾಜಿಗೆ ಸಿಗುವ ಗಾಳಿಯಲ್ಲಿ ದೊಡ್ಡ ವ್ಯತ್ಯಾಸ ಮಾಡುತ್ತದೆ.

ವೈರಿಂಗ್

ಟೇಲ್ ಲೈಟ್ ಹಾರ್ನೆಸ್ ಡ್ರೈವರ್ ಬದಿಯ ಹೊಸ್ತಿಲ ಪಟ್ಟಿಯ ಕೆಳಗೆ ಡಿಕ್ಕಿಗೆ ಹೋಗುತ್ತದೆ. ಡಿಫಾಗರ್ ಹಾರ್ನೆಸ್‌ಗೆ ಮ್ಯಾನ್ಯುಯಲ್ ತೋರಿಸುವ ದಾರಿಯನ್ನೇ ಹಿಡಿಯಿರಿ. ಎಲ್ಲೇ ಹೋಗಲಿ, ಕಾರ್ಪೆಟ್ ಸ್ಕ್ರೂ, ಸೀಟ್ ಬೆಲ್ಟ್ ಬೋಲ್ಟ್, ಸೀಟಿನ ಕೊಕ್ಕೆ ಅದನ್ನು ಚುಚ್ಚಬಾರದು. ಲೋಹದ ತೂತು ದಾಟುವ ಕಡೆ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಹಾಕುವ ಬಳೆ) ಇರಲೇಬೇಕು.

ವಿದ್ಯುತ್ ತೆಗೆದುಕೊಳ್ಳುವುದು ಫ್ಯೂಸ್ ಬ್ಲಾಕ್‌ನಿಂದ, ಕೀ ಹಾಕಿದಾಗ ಮಾತ್ರ ಜೀವ ಬರುವ ಜಾಗದಿಂದ. ಬೇರೆ ವೈರ್ ಕೊರೆದು ಅದಕ್ಕೆ ಸಿಕ್ಕಿಸುವ ನೀಲಿ ಕ್ಲಿಪ್ ಬೇಡವೇ ಬೇಡ. ಕಡಿಮೆ ವೇಗಕ್ಕೆ ರೆಸಿಸ್ಟರ್ ಬೇಕು. ಅದು ಸ್ವಿಚ್ ಬೆನ್ನಲ್ಲಿದೆಯೋ ಬ್ಲೋವರ್ ಬಳಿ ಇದೆಯೋ ಅಂತ ಓಮ್ ಮೀಟರ್ ಹಿಡಿದು ನೋಡಿಕೊಳ್ಳಿ. ಓಡುವಾಗ ರೆಸಿಸ್ಟರ್ ಚೆನ್ನಾಗಿ ಬಿಸಿಯಾಗುತ್ತದೆ. ಹತ್ತಿರ ವೈರ್, ಫೋಮ್ ಇರಬಾರದು.

ಅರ್ಥ್ ವಿಷಯದಲ್ಲಿ ರೆಸ್ಟೋರ್ ಮಾಡಿದ ಕಾರುಗಳೇ ಜಾಸ್ತಿ ಕೈ ಕೊಡುತ್ತವೆ. ಎಲ್ಲ ಕಡೆ ದಪ್ಪ ಹೊಸ ಪೇಂಟ್ ಇರುತ್ತದಲ್ಲ! ಅರ್ಥ್ ಸ್ಕ್ರೂ ಜಾಗದಲ್ಲಿ ಪೇಂಟ್ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿಮಾಡಿ.

ಈಗ ಪರೀಕ್ಷೆ. ಹೈ ಸ್ಪೀಡ್‌ನಲ್ಲಿ ಫ್ಯಾನ್ ಓಡುವಾಗ ವೋಲ್ಟ್ ಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಬ್ಲೋವರ್‌ನ ಪಾಸಿಟಿವ್‌ಗೆ. ಅರ್ಧ ವೋಲ್ಟ್ ಒಳಗಿದ್ದರೆ ಚೆನ್ನಾಗಿದೆ. ಅದಕ್ಕಿಂತ ಜಾಸ್ತಿ ಬಂದರೆ ಯಾವುದೋ ಕೀಲು ಸಡಿಲವಿದೆ. ನೆಗೆಟಿವ್ ಕಡೆಯೂ ಹೀಗೇ ನೋಡಿ. ಆಂಪಿಯರ್ ಮೇಜಿನ ಮೇಲೆ ಸಿಕ್ಕಷ್ಟೇ ಇರಬೇಕು. ಫ್ಯೂಸ್ ಹಾರಿದರೆ ದೊಡ್ಡ ಫ್ಯೂಸ್ ಹಾಕಬೇಡಿ, ಕಾರಣ ಹುಡುಕಿ.

1969ರ ಕಮಾರೋಗೆ ಸಾಮಾನ್ಯವಾಗಿ ಬರುತ್ತಿದ್ದ ಆಲ್ಟರ್ನೇಟರ್ 37 ಆಂಪಿಯರ್‌ನದ್ದು. ಮಳೆಯ ರಾತ್ರಿ ಸಿಗ್ನಲ್‌ನಲ್ಲಿ ನಿಂತು ಹೆಡ್‌ಲೈಟ್, ವೈಪರ್, ಹೀಟರ್ ಫ್ಯಾನ್, ಇದರ ಮೇಲೆ ಈ ಬ್ಲೋವರ್ ಎಲ್ಲ ಹಾಕಿ ಬ್ಯಾಟರಿ ವೋಲ್ಟೇಜ್ ನೋಡಿ. 12.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಖಾಲಿಯಾಗುತ್ತಿದೆ ಅಂತ. ಸ್ವಲ್ಪ ಆಕ್ಸಿಲರೇಟರ್ ಒತ್ತಿದಾಗ ಮೇಲೆ ಬಂದರೆ ಚಿಂತೆಯಿಲ್ಲ.

ಕಾಗದ

ಕಾರ್ಖಾನೆಯಿಂದ ಇಲ್ಲದ ಸಿ50 ನೀವು ಹಾಕಿದ್ದರೆ ಅದನ್ನು ಕಡತದಲ್ಲಿ ಬರೆದಿಡಿ. ಭಾಗಗಳ ನಂಬರ್, ಹಾಕಿದ ವರ್ಷ, ಕೊರೆದ ತೂತುಗಳ ಫೋಟೋ, ಎಲ್ಲ. ಮಾರುವಾಗ ಕೊಳ್ಳುವವರಿಗೆ ತೋರಿಸಿ. ನಕಲಿ ಬಿಲ್ಡ್ ಶೀಟ್ ಮಾಡಿಸಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ, ಅವರ ಹತ್ತಿರವೂ ಸುಳಿಯಬೇಡಿ.

ಶಬ್ದ ಬಂದರೆ

ಎಲ್ಲ ಮುಗಿಸಿ ಸೀಟು ಹಾಕುವ ಮುಂಚೆ ಕಾರನ್ನು ಒಂದು ಸುತ್ತು ಓಡಿಸಿ ಬನ್ನಿ. ಫ್ಯಾನ್ ಹಾಕಿದಾಗ ಮಾತ್ರ ಗೊರಗೊರ ಅಂದರೆ ಚಕ್ರ ಹೌಸಿಂಗ್‌ಗೆ ಉಜ್ಜುತ್ತಿದೆ, ಶಾಫ್ಟ್ ಮೇಲೆ ಅದನ್ನು ತುಸು ಸರಿಸಿ. ವೇಗಕ್ಕೆ ತಕ್ಕಂತೆ ನಡುಗಿದರೆ ಚಕ್ರದ ಎಲೆಗಳ ನಡುವೆ ಕಸ ಇದೆ, ಅಥವಾ ಒಂದು ಎಲೆ ಬಾಗಿದೆ. ಫ್ಯಾನ್ ಆಫ್ ಇದ್ದರೂ ಹಳ್ಳ ಬಂದಾಗ ಗಡಗಡ ಅಂದರೆ ಬ್ರಾಕೆಟ್ ಸ್ಕ್ರೂ ಸಡಿಲ. ಕೀಚಲು ಧ್ವನಿಯಾದರೆ ಬುಷಿಂಗ್‌ಗೆ ಎಣ್ಣೆ ಸಾಲದು. ರೇಡಿಯೋದಲ್ಲಿ ಗುಂಯ್ ಅನ್ನುವ ಸದ್ದು ಕೇಳಿದರೆ ಮೊದಲು ಅರ್ಥ್ ಸ್ಕ್ರೂ, ಆಮೇಲೆ ಬ್ರಷ್ ನೋಡಿ. ಇವೆಲ್ಲ ಸೀಟು ಹೊರಗಿರುವಾಗ ಹತ್ತು ನಿಮಿಷದ ಕೆಲಸ.